ಹೇಳಿದ್ದೊಂದು, ತಿಳಿದದ್ದೊಂದು: ದಿನನಿತ್ಯದ ಮಾತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಬ್ಯಾಂಕ್ ಸಿಬ್ಬಂದಿ, ಅಂಗಡಿ ನಡೆಸುವವರು ಸಂವಹನದ ತರಗತಿಗಳಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪಠ್ಯಪುಸ್ತಕದ ಕ್ರಮವನ್ನು ಇಲ್ಲಿ ಹುಡುಕಬೇಡಿ. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವು ಎರಡು ಮಾತಿನಲ್ಲಿ ಮುಗಿದಿವೆ. ಪ್ರಶ್ನೆಗಳ ತೂಕವೂ ಹಾಗೆಯೇ ಇದೆ.

ಸಂದೇಶ ಎಂದರೆ ಮಾತೇ ಅಲ್ಲವೇ? ಅದಕ್ಕೆ ಇಷ್ಟೊಂದು ವಿವರಣೆ ಏಕೆ?

ಮಾತು ಸಂದೇಶದ ಒಂದು ಬಗೆ, ಅಷ್ಟೆ. ಫೋನ್ ಕರೆ ದುಬಾರಿಯಾಗಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಯಾದಗಿರಿಯ ಹುಡುಗ ಬಸ್ ಇಳಿದ ಕೂಡಲೇ ಮನೆಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ಸಲ ಬಂದರೆ ‘ತಲುಪಿದ್ದೇನೆ’, ಬೆನ್ನಿಗೇ ಇನ್ನೊಂದು ಬಂದರೆ ‘ನೀವೇ ಕರೆ ಮಾಡಿ’. ಒಂದು ಪದವೂ ಇಲ್ಲ, ಒಂದು ಪೈಸೆ ಖರ್ಚೂ ಇಲ್ಲ.

ಅಮೆರಿಕದ ಎಂಜಿನಿಯರ್ ಕ್ಲಾಡ್ ಶಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಾಹಿತಿಯನ್ನು ಅಳೆಯುವ ದಾರಿ ತೋರಿಸಿದರು: ಪಡೆಯುವವರ ಅನಿಶ್ಚಿತತೆ ಎಷ್ಟು ಕಡಿಮೆಯಾಯಿತೋ ಅಷ್ಟು ಮಾಹಿತಿ ಬಂದಂತೆ. ತಲುಪಿದನೋ ಇಲ್ಲವೋ ಎಂಬ ಎರಡು ಸಾಧ್ಯತೆಗಳು ಸಮಸಮನಾಗಿದ್ದು, ಅವುಗಳಲ್ಲಿ ಒಂದನ್ನು ಸಂದೇಶ ಅಳಿಸಿಹಾಕಿದರೆ ಅದು ಒಂದು ಬಿಟ್, ಅಂದರೆ ಮಾಹಿತಿಯ ಒಂದು ಅಳತೆ. ಆದರೆ ಅದೇ ಪ್ರಬಂಧದ ಆರಂಭದಲ್ಲೇ ಶಾನನ್ ಅರ್ಥದ ವಿಚಾರವನ್ನು ಬದಿಗಿಟ್ಟರು. ಎಂಜಿನಿಯರನ ಸಮಸ್ಯೆಗೆ ಅದು ಸಂಬಂಧಿಸಿದ್ದಲ್ಲ ಎಂದರು. ಅವರ ಮಟ್ಟಿಗೆ ಅದು ಸರಿ. ಜಾಲದ ಮೂಲಕ ಹರಿದು ಬರುವುದು ಗಂಟೆಯ ಸದ್ದು ಮಾತ್ರ. ಅದನ್ನು ‘ಮಗ ಸುಖವಾಗಿ ತಲುಪಿದ’ ಎಂದು ಮಾಡಿಕೊಳ್ಳುವವಳು ಮನೆಯಲ್ಲಿ ಕುಳಿತ ಅವ್ವ. ಅವಳು ಮಾಡುವ ಈ ಕೆಲಸವೇ ನಮ್ಮ ವಿಷಯ.

ನಾನು ಸ್ಪಷ್ಟವಾಗಿಯೇ ಹೇಳಿದ್ದೆ. ಅವರು ಬೇರೆಯಾಗಿ ತಿಳಿದುಕೊಂಡರೆ ಅದು ನನ್ನ ತಪ್ಪೇ?

ತಪ್ಪು ಯಾರದು ಎಂಬ ಪಂಚಾಯಿತಿಗಿಂತ ಹಾಗೇಕಾಗುತ್ತದೆ ಎಂದು ಕೇಳುವುದರಿಂದ ಲಾಭ ಹೆಚ್ಚು. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಹಾಡು ಯಾವುದೆಂದು ಇನ್ನೊಬ್ಬರು ಹೇಳಬೇಕು. ಅರ್ಧದಷ್ಟಾದರೂ ಗುರುತು ಸಿಗುತ್ತವೆ ಎಂದು ಬಡಿಯುವವರು ನಂಬಿದ್ದರು. ಬಡಿದ 120 ಹಾಡುಗಳಲ್ಲಿ ಗುರುತು ಸಿಕ್ಕವು ಕೇವಲ 3. ಬಡಿಯುವವರ ತಲೆಯಲ್ಲಿ ಹಾಡು ಪೂರ್ತಿಯಾಗಿ ನುಡಿಯುತ್ತಿತ್ತು. ಕೇಳುವವರಿಗೆ ಸಿಕ್ಕಿದ್ದು ಬರೀ ಟಕ್ ಟಕ್.

ನಾವು ದಿನವೂ ಹೀಗೆ ಮೇಜು ಬಡಿಯುತ್ತಿರುತ್ತೇವೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಮೇ ತಿಂಗಳಲ್ಲಿ ಗುಮಾಸ್ತರು ‘ಮಧ್ಯಾಹ್ನ ಬನ್ನಿ’ ಎಂದರೆ ಅವರ ಮನಸ್ಸಿನಲ್ಲಿರುವುದು 12 ಗಂಟೆ. ಆಳಂದದ ಕಡೆಯಿಂದ ಬರುವ ರೈತ ಊಟ ಮುಗಿಸಿ ಮೂರಕ್ಕೆ ಬಂದು ಬೀಗ ನೋಡಿ ಹಿಂತಿರುಗುತ್ತಾನೆ. ಇಬ್ಬರೂ ಸುಳ್ಳು ಹೇಳಿಲ್ಲ, ಇಬ್ಬರೂ ದಡ್ಡರಲ್ಲ. ‘ಊಟವಾದ ಮೇಲೆ ದಿನಕ್ಕೆ ಮೂರು ಮಾತ್ರೆ’ ಎಂಬ ಸೂಚನೆಯ ಕಥೆಯೂ ಇದೇ. ದಿನಕ್ಕೆ ಎರಡೇ ಸಲ ಉಣ್ಣುವ ಕೂಲಿಯವಳು ಎರಡೇ ಮಾತ್ರೆ ನುಂಗುತ್ತಾಳೆ, ಸೂಚನೆಯನ್ನು ಅಕ್ಷರಶಃ ಪಾಲಿಸಿದ ತೃಪ್ತಿಯೊಂದಿಗೆ.

ಆದ್ದರಿಂದ ನನ್ನ ಉತ್ತರ: ತಪ್ಪು ನಿಮ್ಮದಲ್ಲದಿರಬಹುದು, ಹೊಣೆ ಮಾತ್ರ ಹೆಚ್ಚಾಗಿ ನಿಮ್ಮದೇ. ತಲೆಯಲ್ಲಿ ಹಾಡು ಇರುವುದು ಹೇಳುವವರಿಗೆ.

ಒಂದೇ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುವುದು ಹೇಗೆ ಸಾಧ್ಯ?

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಹಿಡಿದು ಜಗ್ಗಾಡಿದ್ದಾರೆ. ಭಾರತೀಯ ಕಾವ್ಯಮೀಮಾಂಸಕರು ಪದಕ್ಕೆ ಮೂರು ಶಕ್ತಿಗಳನ್ನು ಹೇಳಿದರು: ನೇರ ಅರ್ಥ ಕೊಡುವ ಅಭಿಧಾ, ನೇರ ಅರ್ಥ ಹೊಂದದಿದ್ದಾಗ ಪಕ್ಕದ ಅರ್ಥಕ್ಕೆ ಸರಿಯುವ ಲಕ್ಷಣಾ, ಹೇಳದೆಯೇ ಹೊಳೆಯಿಸುವ ವ್ಯಂಜನಾ. 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಈ ಮೂರನೆಯದನ್ನೇ ಧ್ವನಿ ಎಂದು ಕರೆದು ಕಾವ್ಯದ ಆತ್ಮವಾಗಿಸಿದ. ಮುಂದೆ ಮಮ್ಮಟ ಕೊಟ್ಟ ಉದಾಹರಣೆ ಪ್ರಸಿದ್ಧ: ‘ಸೂರ್ಯ ಮುಳುಗಿದ’. ಸೇನಾಪತಿಗೆ ಅದು ದಾಳಿಯ ಹೊತ್ತು, ದನ ಕಾಯುವವನಿಗೆ ದನ ಹೊಡೆದುಕೊಂಡು ಬರುವ ಹೊತ್ತು, ಪ್ರೇಮಿಗೆ ಹೊರಡುವ ಹೊತ್ತು.

ಜೇವರ್ಗಿಯ ಹೊಲವೊಂದರಲ್ಲಿ ತೊಗರಿ ಕೊಯ್ಯುವಾಗ ‘ಹೊತ್ತು ಮುಳುಗಿತು’ ಎಂದು ಒಬ್ಬಳು ಎಂದರೆ ಇಂದಿಗೂ ಅಷ್ಟೇ ಅರ್ಥಗಳು ಏಳುತ್ತವೆ. ಕೂಲಿಯವರಿಗೆ ಕೆಲಸ ಸಾಕು, ಹೊಲದ ಒಡೆಯನಿಗೆ ಕೂಲಿ ಎಣಿಸು, ಕಡೆಯ ಬಸ್ ಹಿಡಿಯಬೇಕಾದವಳಿಗೆ ಓಡು. ಮಾತು ಒಂದೇ, ಕೇಳುವವರು ನಿಂತ ಜಾಗ ಬೇರೆ.

ಅದೇ 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರಚನೆಯಾಯಿತು. ರಾಜಧಾನಿ ಮಾನ್ಯಖೇಟ ಎಂದರೆ ಕಾಗಿಣಾ ದಂಡೆಯ ಮಳಖೇಡ, ನಮ್ಮ ಸೇಡಂ ತಾಲ್ಲೂಕಿನ ಊರು. ಕನ್ನಡ ನಾಡಿನ ಜನರನ್ನು ಹೊಗಳುವಾಗ ಆ ಕೃತಿ ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಂ’ ಬಲ್ಲವರು ಎನ್ನುತ್ತದೆ. ಹದವರಿತು ಆಡುವುದು ಒಂದು ಜಾಣತನ, ಆಡಿದ್ದನ್ನು ಅರಿತು ವಿಚಾರಿಸುವುದು ಇನ್ನೊಂದು. ಭಾಷಣಗಳಲ್ಲಿ ಈ ಸಾಲನ್ನು ಬಳಸುವವರು ಮೊದಲರ್ಧಕ್ಕೇ ಚಪ್ಪಾಳೆ ಗಿಟ್ಟಿಸಿ ನಿಲ್ಲುತ್ತಾರೆ. ನನ್ನ ಕಣ್ಣಿಗೆ ಎರಡನೆಯ ಅರ್ಧವೇ ಹೆಚ್ಚು ಕಷ್ಟದ್ದು.

ಬಾಯಿ ಬಿಡದೆ ವ್ಯವಹಾರ ಮಾಡುವವರ ಬಗ್ಗೆ ಕೇಳಿದ್ದೇನೆ. ಅದೂ ಸಂದೇಶವೇ?

ಅಚ್ಚುಕಟ್ಟಾದ ಸಂದೇಶ. ದನದ ಸಂತೆಯಲ್ಲಿ ದಲಾಲ ಮತ್ತು ಕೊಳ್ಳುವವ ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಒಂದು ಬೆರಳು ಎಂದರೆ ನೂರೋ ಸಾವಿರವೋ ಹತ್ತು ಸಾವಿರವೋ? ಬೆರಳು ಅದನ್ನು ಹೇಳುವುದಿಲ್ಲ. ಎದುರಿಗೆ ನಿಂತ ಎತ್ತು ಹೇಳುತ್ತದೆ! ಎತ್ತಿನ ಹಲ್ಲು, ಮೈಕಟ್ಟು, ಆ ವಾರದ ದರ ಇಬ್ಬರಿಗೂ ಗೊತ್ತಿರುವುದರಿಂದ ಅಂಕಿಯೊಂದು ಸಿಕ್ಕರೆ ಸಾಕು, ಸೊನ್ನೆಗಳನ್ನು ಅವರೇ ಹಾಕಿಕೊಳ್ಳುತ್ತಾರೆ. ಇಬ್ಬರಿಗೂ ಗೊತ್ತಿರುವ, ‘ಅವನಿಗೂ ಗೊತ್ತಿದೆ’ ಎಂದು ಇಬ್ಬರಿಗೂ ಗೊತ್ತಿರುವ ಈ ತಿಳಿವಳಿಕೆಯನ್ನು ಭಾಷಾ ಮನೋವಿಜ್ಞಾನಿಗಳು ಸಮಾನ ನೆಲೆ ಎನ್ನುತ್ತಾರೆ. ನೆಲೆ ದೊಡ್ಡದಿದ್ದಷ್ಟೂ ಮಾತು ಚಿಕ್ಕದಾಗುತ್ತದೆ. ಗಂಡ ಹೆಂಡತಿ ‘ಅದು ತಂದಿರಾ?’ ‘ಇಲ್ಲ, ಅವನಿರಲಿಲ್ಲ’ ಎಂದು ಮಾತನಾಡಿ ಮುಗಿಸುವುದೂ ಈ ಬಲದಿಂದಲೇ.

ಆ ಟವೆಲ್‌ಗೆ ಇನ್ನೊಂದು ಕೆಲಸವಿದೆ. ಸುತ್ತ ನಿಂತವರಿಗೆ ದರ ತಿಳಿಯಬಾರದು. ಸಂದೇಶವನ್ನು ಯಾರಿಗೋ ತಲುಪಲೆಂದು ಕಟ್ಟುವಷ್ಟೇ ಎಚ್ಚರಿಕೆಯಿಂದ ಯಾರಿಗೋ ತಲುಪದಿರಲೆಂದೂ ಕಟ್ಟುತ್ತಾರೆ. ಮಕ್ಕಳ ಮುಂದೆ ಹಣದ ವಿಷಯವನ್ನು ಹಿರಿಯರು ಉರ್ದುವಿನಲ್ಲೋ ತೆಲುಗಿನಲ್ಲೋ ಮಾತನಾಡುವ ಮನೆಗಳು ಇಲ್ಲಿ ಎಷ್ಟೋ ಇವೆ. ಮಕ್ಕಳು ಆ ಭಾಷೆಯನ್ನು ಕಲಿಯುವುದೂ ಅಲ್ಲಿಯೇ.

‘ನೋಡೋಣ’ ಎಂದರೆ ಹೌದೋ, ಅಲ್ಲವೋ?

ಬಹುಪಾಲು ಅಲ್ಲ. ಆದರೆ ಯಾರು, ಯಾರಿಗೆ, ಎಷ್ಟು ತಡೆದು ಹೇಳಿದರು ಎಂಬುದನ್ನು ನೋಡಬೇಕು.

ಕನ್ಯಾ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ‘ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸುತ್ತೇವೆ’ ಎಂದು ಎದ್ದರೆ ಹುಡುಗಿಯ ತಾಯಿಗೆ ಅಲ್ಲಿಯೇ ಗೊತ್ತಾಗುತ್ತದೆ. ಹಿರಿಯರೆಲ್ಲ ಅದೇ ಕೋಣೆಯಲ್ಲಿ ಕುಳಿತಿದ್ದರಲ್ಲ! ಮರುದಿನ ಸೋದರಮಾವನ ಮೂಲಕ ‘ಈ ವರ್ಷ ಮದುವೆಯ ವಿಚಾರವಿಲ್ಲವಂತೆ’ ಎಂಬ ಸುದ್ದಿ ಬರುತ್ತದೆ. ಬಂದವರೇ ಆ ಮಾತು ಹೇಳಬಹುದಿತ್ತು. ಹೇಳಿದ್ದರೆ ಎರಡೂ ಮನೆಯ ಮಾನ ಒಂದೇ ಚಾವಡಿಯಲ್ಲಿ ಬಿದ್ದಿರುತ್ತಿತ್ತು.

ಇದರ ಹಿಂದಿನ ತರ್ಕವನ್ನು ಬ್ರಿಟಿಷ್ ತತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್ ಉಪನ್ಯಾಸಗಳಲ್ಲಿ ಬಿಡಿಸಿಟ್ಟರು. ಮಾತನಾಡುವವರು ಪರಸ್ಪರ ಸಹಕರಿಸುತ್ತಾರೆ ಎಂಬ ನಂಬಿಕೆ ನಮಗಿದೆ: ಬೇಕಾದಷ್ಟೇ ಹೇಳು, ನಿಜವೆಂದು ನಂಬಿದ್ದನ್ನೇ ಹೇಳು, ವಿಷಯಕ್ಕೆ ಸಂಬಂಧಿಸಿದ್ದನ್ನು ಹೇಳು, ಗೊಂದಲವಾಗದಂತೆ ಹೇಳು. ಯಾರಾದರೂ ಇವುಗಳಲ್ಲಿ ಒಂದನ್ನು ಎದ್ದು ಕಾಣುವಂತೆ ಮುರಿದರೆ ನಾವು ‘ಇವರಿಗೆ ಮಾತು ಬಾರದು’ ಎಂದುಕೊಳ್ಳುವುದಿಲ್ಲ. ‘ಏನನ್ನೋ ಬೇರೆ ಹೇಳುತ್ತಿದ್ದಾರೆ’ ಎಂದು ಹುಡುಕುತ್ತೇವೆ. ‘ಹುಡುಗ ಹೇಗೆ?’ ಎಂಬ ಪ್ರಶ್ನೆಗೆ ‘ಅವರ ಅಪ್ಪ ಬಹಳ ಒಳ್ಳೆಯವರು’ ಎಂಬ ಉತ್ತರ ಬಂದರೆ ಮುಂದೆ ಕೇಳುವ ಅಗತ್ಯವಿದೆಯೇ?

ಪೆನಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ 1978ರಲ್ಲಿ ಮೊದಲು ಪ್ರಕಟಿಸಿದ ಅಧ್ಯಯನ ಇದಕ್ಕೆ ‘ಮುಖ ಉಳಿಸುವುದು’, ಅಂದರೆ ಮಾನ ಕಾಯುವುದು, ಎಂಬ ಚೌಕಟ್ಟು ಕೊಟ್ಟಿತು. ಅವರ ಆಧಾರ ಇಂಗ್ಲಿಷ್, ಮೆಕ್ಸಿಕೊದ ಸೆಲ್ತಾಲ್ ಮತ್ತು ನಮ್ಮ ನೆರೆಯ ತಮಿಳು. ಸುತ್ತಿ ಬಳಸಿ ಹೇಳುವುದು ನಮ್ಮ ದೇಶದ ರೋಗ ಎಂದು ಬೇಸರಿಸುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಊಟಕ್ಕೆ ಕೂತಾಗ ಎಷ್ಟು ಸಲ ‘ಬೇಡ’ ಎಂದರೆ ನಿಜವಾಗಿ ಬೇಡ?

ಬಾಯಿಯನ್ನು ನಂಬಬೇಡಿ, ಕೈಯನ್ನು ನೋಡಿ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದರೆ ನಿಜವಾಗಿ ಬೇಡ. ‘ಬೇಡ’ ಎನ್ನುತ್ತಲೇ ರೊಟ್ಟಿಯ ಚೂರನ್ನು ಶೇಂಗಾ ಹಿಂಡಿಯಲ್ಲಿ ಅದ್ದುತ್ತಿದ್ದರೆ ಇನ್ನೊಂದು ರೊಟ್ಟಿ ಹಾಕಬಹುದು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ ಬಡಿಸುವವರಿಗೆ ಈ ನಿಯಮವೂ ಅನ್ವಯಿಸುವುದಿಲ್ಲ. ಅವರು ಯಾರ ‘ಬೇಡ’ವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೆಟ್ಟ ಸುದ್ದಿಯನ್ನು ನೇರವಾಗಿ ಏಕೆ ಹೇಳುವುದಿಲ್ಲ?

ಮುಂಬೈಯಲ್ಲಿರುವ ಮಗನಿಗೆ ರಾತ್ರಿ ಕಾಕಾ ಫೋನ್ ಮಾಡುತ್ತಾರೆ. ‘ಅಪ್ಪನ ತಬ್ಬೇತು ಸ್ವಲ್ಪ ಸೀರಿಯಸ್ ಆಗಿದೆ, ಸಿಕ್ಕ ರೈಲಿಗೆ ಹೊರಟು ಬಾ. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಾ.’ ಮೊದಲ ವಾಕ್ಯದಲ್ಲಿ ಸುದ್ದಿ ಇಲ್ಲ. ಎರಡನೆಯದರಲ್ಲಿ ಇದೆ. ಅವನಿಗೆ ತಿಳಿಯುತ್ತದೆ, ತಿಳಿಯಿತು ಎಂದು ಕಾಕಾಗೂ ತಿಳಿಯುತ್ತದೆ. ಆದರೂ ಇಬ್ಬರೂ ಆ ಮಾತನ್ನು ಆಡುವುದಿಲ್ಲ. ದೂರದ ಪ್ರಯಾಣ ಮಾಡಬೇಕಾದವನಿಗೆ ಹಿಡಿದುಕೊಳ್ಳಲು ಒಂದು ಎಳೆ ಬೇಕು ಎಂಬ ಕರುಣೆ ಅದರಲ್ಲಿದೆ.

ವಿದ್ಯಾವಂತರು ಕೆಲವರು ಇದನ್ನು ಸುಳ್ಳು ಎಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಕೇಳುವವನು ನಂಬಲಿ ಎಂದು ಹೇಳಿದ್ದು ಸುಳ್ಳು. ಇಲ್ಲಿ ಅವನು ನಂಬುವುದಿಲ್ಲ ಎಂದು ತಿಳಿದೇ ಹೇಳುತ್ತಾರೆ. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವುದು, ದೀಪ ಆರಿಸು ಎನ್ನದೆ ದೀಪ ಶಾಂತ ಮಾಡು ಎನ್ನುವುದು ಇದೇ ಸಾಲಿಗೆ ಸೇರಿದವು.

ಆಸ್ಪತ್ರೆಯಲ್ಲಿ ಮಾತ್ರ ಈ ಸೌಜನ್ಯ ಅಪಾಯಕಾರಿ. ‘ಸ್ವಲ್ಪ ತೊಂದರೆ ಇದೆ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಒಳ್ಳೆಯದು’ ಎಂಬ ವೈದ್ಯರ ಮಾತನ್ನು ‘ನಾಳೆ ನಾಡಿದ್ದು ನೋಡೋಣ’ ಎಂದು ತಿಳಿದುಕೊಳ್ಳುವವರಿದ್ದಾರೆ. ಅಲ್ಲಿ ‘ಈಗಲೇ, ಈ ಗಾಡಿಯಲ್ಲೇ’ ಎನ್ನಬೇಕು.

ಸಂವಹನದಲ್ಲಿ ಪದಗಳ ಪಾಲು ಶೇ 7 ಮಾತ್ರ, ಉಳಿದ ಶೇ 93 ಧ್ವನಿ ಮತ್ತು ದೇಹಭಾಷೆ ಎಂದು ತರಬೇತಿಯಲ್ಲಿ ಹೇಳಿದರು. ನಿಜವೇ?

ಇಲ್ಲ. ಈ ಅಂಕಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಹುಟ್ಟಿದ್ದು. ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ‘ಮಾತನಾಡಿದವರಿಗೆ ಇಷ್ಟವಿದೆಯೇ, ಇಲ್ಲವೇ’ ಎಂದು ಊಹಿಸಲು ಹೇಳಿದ್ದರು. ಪದ ಒಂದು ಹೇಳಿ ಧ್ವನಿ ಇನ್ನೊಂದು ಹೇಳಿದಾಗ ಜನ ಧ್ವನಿಯನ್ನೂ ಮುಖವನ್ನೂ ಹೆಚ್ಚು ನಂಬಿದರು. ಅಷ್ಟೇ ಫಲಿತಾಂಶ. ಭಾವನೆ, ಮನೋಭಾವಗಳ ವಿಷಯ ಬಿಟ್ಟರೆ ಈ ಸೂತ್ರ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಪದಗಳ ಪಾಲು ಶೇ 7 ಆಗಿದ್ದರೆ ನಾನು ಚೀನಾದ ವಾರ್ತೆಯನ್ನು ಮುಖ ನೋಡಿಕೊಂಡೇ ತಿಳಿದುಕೊಳ್ಳಬಹುದಿತ್ತು. ಈ ಸ್ಲೈಡ್ ತೋರಿಸುವ ತರಬೇತುದಾರರನ್ನು ಕಂಡರೆ ಎದ್ದು ಚಹಾ ಕುಡಿಯಲು ಹೋಗಿ.

ನಮ್ಮ ಭಾಗದವರ ಮಾತು ಒರಟು ಎಂದು ಬೇರೆ ಕಡೆಯ ಅಧಿಕಾರಿಗಳು ಹೇಳುತ್ತಾರೆ. ಏನು ಮಾಡಬೇಕು?

ಮೊದಲು, ಅವರಿಗೆ ಕೇಳಿಸುತ್ತಿರುವುದು ಏನೆಂದು ನೋಡೋಣ. ನಾವು ಗೌರವವನ್ನು ವಾಕ್ಯದ ಕೊನೆಯ ‘ರೀ’ಯಲ್ಲಿ ಇಡುತ್ತೇವೆ. ಧ್ವನಿ ದೊಡ್ಡದು, ವಾಕ್ಯ ಚಿಕ್ಕದು. ಅವ್ವ, ಅಪ್ಪ, ದೇವರು ಮೂವರನ್ನೂ ಏಕವಚನದಲ್ಲೇ ಕರೆಯುತ್ತೇವೆ. ‘ಅಮ್ಮ, ನೀವು ಊಟ ಮಾಡಿದಿರಾ?’ ಎಂಬ ಬಹುವಚನದಲ್ಲಿ ಬೆಳೆದವರಿಗೆ ಇದು ಅಗೌರವದಂತೆ ಕೇಳಿಸುತ್ತದೆ. ತಾಯಿಗೆ ಬಹುವಚನ ಹಚ್ಚುವವರು ನಮಗೆ ತಾಯಿಯೊಂದಿಗೆ ಜಗಳವಾಡಿದವರಂತೆ ಕಾಣುತ್ತಾರೆ.

ಭಾಷಾವಿಜ್ಞಾನಿ ಜಾನ್ ಗಂಪರ್ಜ್ 1982ರಲ್ಲಿ ದಾಖಲಿಸಿದ ಪ್ರಕರಣ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಬಡಿಸುತ್ತಿದ್ದರು. ಅವರು ಒರಟರು ಎಂದು ದೂರು ಬಂತು. ಗಂಪರ್ಜ್ ಧ್ವನಿ ಮುದ್ರಿಸಿ ಕೇಳಿದಾಗ ಗುಟ್ಟು ಸಿಕ್ಕಿತು. ಸ್ಥಳೀಯರು ‘ಗ್ರೇವಿ?’ ಎಂದು ಧ್ವನಿ ಏರಿಸಿ ಕೇಳುತ್ತಿದ್ದರು, ಇವರು ‘ಗ್ರೇವಿ.’ ಎಂದು ಧ್ವನಿ ಇಳಿಸುತ್ತಿದ್ದರು. ಇಂಗ್ಲಿಷರ ಕಿವಿಗೆ ಅದು ಪ್ರಶ್ನೆಯಲ್ಲ, ‘ಇದು ಗ್ರೇವಿ, ಬೇಕಿದ್ದರೆ ತೆಗೆದುಕೋ’ ಎಂಬ ಉದಾಸೀನ. ಬಡಿಸುವವರ ಮನಸ್ಸಿನಲ್ಲಿ ಹಾಗೆ ಪ್ರಶ್ನೆ ಕೇಳುವುದೇ ಸಹಜ ರೀತಿ. ಮುದ್ರಿಕೆಯನ್ನು ಇಬ್ಬರಿಗೂ ಕೇಳಿಸಿ ಚರ್ಚಿಸಿದ ಮೇಲೆ ಎರಡೂ ಕಡೆಯವರಿಗೆ ವಿಷಯ ತಿಳಿಯಿತು.

ಏನು ಮಾಡಬೇಕೆಂದರೆ: ಹೊಸದಾಗಿ ಬಂದ ಅಧಿಕಾರಿಗೆ ಇದನ್ನು ಯಾರಾದರೂ ಮೊದಲ ವಾರದಲ್ಲೇ ಹೇಳಬೇಕು. ನಮ್ಮ ಜನ ಬೆಂಗಳೂರಿನಂತೆ ಮಾತನಾಡಲು ಕಲಿಯಲಿ ಎಂಬ ಸಲಹೆ ನನಗೆ ಸರಿಬೀಳುವುದಿಲ್ಲ.

ಕಲಬುರಗಿಯ ಅಂಗಡಿಯವರು ಗಿರಾಕಿ ಬದಲಾದಂತೆ ಭಾಷೆ ಬದಲಿಸುತ್ತಾರೆ. ಇದು ತಂತ್ರವೇ?

ವ್ಯಾಪಾರದ ತಂತ್ರವೂ ಹೌದು, ಬದುಕಿನ ರೂಢಿಯೂ ಹೌದು. ಈ ನೆಲ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಉರ್ದು ಊರಿನ ದಖ್ಖನಿಯೊಂದಿಗೆ ಉಳಿದುಕೊಂಡಿತು. ಸೇಡಂ ದಾಟಿದರೆ ತೆಲುಗು, ಆಳಂದ ದಾಟಿದರೆ ಮರಾಠಿ, ಬೀದರಿನಲ್ಲಿ ಎರಡೂ ಬಾಗಿಲಿಗೇ ಬರುತ್ತವೆ. ಕಿರಾಣಿ ಅಂಗಡಿಯವರು ಗಿರಾಕಿಯ ಮೊದಲ ಪದ ಕೇಳಿ ಎರಡನೆಯ ಪದವನ್ನು ಅದೇ ಭಾಷೆಯಲ್ಲಿ ಆಡುತ್ತಾರೆ. ಸಮಾಜ ಮನೋವಿಜ್ಞಾನದಲ್ಲಿ 1970ರ ದಶಕದಲ್ಲಿ ಹವರ್ಡ್ ಜೈಲ್ಸ್ ಇದನ್ನು ಹೊಂದಾಣಿಕೆಯ ಸಿದ್ಧಾಂತವಾಗಿ ಬೆಳೆಸಿದರು: ಹತ್ತಿರವಾಗಬೇಕೆಂದರೆ ಎದುರಿನವರ ಮಾತಿನ ಕಡೆಗೆ ವಾಲುತ್ತೇವೆ, ದೂರವಿರಬೇಕೆಂದರೆ ಬೇಕೆಂದೇ ನಮ್ಮ ಮಾತಿಗೆ ಅಂಟಿಕೊಳ್ಳುತ್ತೇವೆ.

ಹೀಗೆ ತಲೆಮಾರುಗಟ್ಟಲೆ ನಡೆದರೆ ಭಾಷೆಯ ಒಳಗಟ್ಟೇ ಬದಲಾಗುತ್ತದೆ. ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ ಬರೆದರು. ಅಲ್ಲಿನ ಕನ್ನಡ, ಮರಾಠಿ, ಉರ್ದು ಪದಗಳಲ್ಲಿ ಬೇರೆಯಾಗಿ ಉಳಿದಿದ್ದರೂ ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿದ್ದವು. ಒಂದರ ವಾಕ್ಯವನ್ನು ಪದಕ್ಕೆ ಪದ ಬದಲಿಸಿ ಇನ್ನೊಂದಕ್ಕೆ ತರಬಹುದಿತ್ತು.

ನಮಸ್ಕಾರದ ಬಗೆಯೂ ಒಂದು ಸಂದೇಶ. ಶರಣು ಶರಣಾರ್ಥಿ, ಸಲಾಂ, ಜೈ ಭೀಮ್, ನಮಸ್ಕಾರ: ಒಂದನ್ನು ಆರಿಸಿದ ಕ್ಷಣ ಹೇಳುವವರು ಯಾರು, ಎದುರಿನವರನ್ನು ಯಾರೆಂದು ತಿಳಿದಿದ್ದಾರೆ ಎಂಬುದು ಹೊರಬೀಳುತ್ತದೆ. ಜೈ ಭೀಮ್ ಎಂದವರಿಗೆ ಜೈ ಭೀಮ್ ಎಂದೇ ಮರಳಿಸುವವರು ಇದ್ದಾರೆ, ಬರೀ ತಲೆಯಾಡಿಸಿ ಮುಂದೆ ಹೋಗುವವರೂ ಇದ್ದಾರೆ. ಆ ತಲೆಯಾಡಿಸುವಿಕೆಯನ್ನು ಎದುರಿನವರು ಸರಿಯಾಗಿಯೇ ಓದಿಕೊಳ್ಳುತ್ತಾರೆ.

ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗುರುತು ಬಂದಿದೆ, ಉತ್ತರ ಇಲ್ಲ. ಕೋಪವೇ?

ನೀಲಿ ಗುರುತು 2014ರ ನವೆಂಬರ್‌ನಲ್ಲಿ ಬಂತು. ಅಲ್ಲಿಯವರೆಗೆ ಈ ಸಂಕಟ ಇರಲಿಲ್ಲ. ಎದುರೆದುರು ಮಾತಿನಲ್ಲಿ ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಿನ ಬಿಡುವು ಬಹಳ ಕಿರಿದು. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸುಮಾರು ಸೆಕೆಂಡಿನ ಐದನೇ ಒಂದು ಭಾಗ. ಅದಕ್ಕಿಂತ ತಡವಾದರೆ ‘ಏನೋ ಇದೆ’ ಎಂದು ನಮ್ಮ ಮನಸ್ಸು ಓದುತ್ತದೆ. ಈ ಓದನ್ನೇ ಫೋನಿಗೂ ಒಯ್ದರೆ ಕೆಲಸ ಕೆಡುತ್ತದೆ. ಅವರು ಬಸ್ಸಿನಲ್ಲಿ ನಿಂತಿರಬಹುದು. ಸಂಜೆಯವರೆಗೆ ಕಾಯಿರಿ, ಆಮೇಲೆ ಕರೆ ಮಾಡಿ.

ತಮಾಷೆಗೆ ಟೈಪ್ ಮಾಡಿದ್ದು ಜಗಳವಾಯಿತು. ಏಕೆ?

ನೀವು ಬರೆಯುವಾಗ ನಿಮ್ಮ ಕಿವಿಯಲ್ಲಿ ನಗು ಇತ್ತು, ಪರದೆಯ ಮೇಲೆ ಇರಲಿಲ್ಲ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವ್ಯಂಗ್ಯದ ಮತ್ತು ಗಂಭೀರ ವಾಕ್ಯಗಳನ್ನು ಕೆಲವರು ಇಮೇಲ್ ಮೂಲಕ, ಕೆಲವರು ಧ್ವನಿಯ ಮೂಲಕ ಕಳುಹಿಸಿದರು. ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸರಿಯಾಗಿ ಗುರುತಿಸುತ್ತಾರೆ ಎಂದು ಕಳುಹಿಸಿದವರೆಲ್ಲ ಎಣಿಸಿದ್ದರು. ಧ್ವನಿ ಕೇಳಿದವರು ಹೆಚ್ಚುಕಡಿಮೆ ಅಷ್ಟು ಗುರುತಿಸಿದರು. ಇಮೇಲ್ ಓದಿದವರು ಗುರುತಿಸಿದ್ದು ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ನಾಣ್ಯ ಚಿಮ್ಮಿ ಹೇಳಿದರೂ ಸಿಗುವಷ್ಟು.

ಅಕ್ಷರ ಬಾರದ ಕಾರಣಕ್ಕೆ ಧ್ವನಿ ಸಂದೇಶ ಕಳುಹಿಸುವ ಹಿರಿಯರನ್ನು ನೋಡಿ ನಾವು ನಗುತ್ತೇವೆ. ವಾಸ್ತವದಲ್ಲಿ ಅವರ ಸಂದೇಶವೇ ಗಟ್ಟಿ. ಅಜ್ಜಿಯ ‘ಯಾವಾಗ ಬರುತ್ತೀ?’ ಎಂಬ ಎರಡು ಪದಗಳಲ್ಲಿ ಕೆಮ್ಮು, ಹಿನ್ನೆಲೆಯ ಗ್ರೈಂಡರ್, ಕೊನೆಯಲ್ಲಿ ಸೋತ ಉಸಿರು ಎಲ್ಲ ಇರುತ್ತವೆ.

ಫಾರ್ವರ್ಡ್ ಮಾಡಿದ ಸಂದೇಶವನ್ನು ನಾನು ಬರೆದಿಲ್ಲ. ಅದಕ್ಕೆ ನಾನು ಹೊಣೆಯೇ?

ಹೌದು. ಈ ಪ್ರಶ್ನೆಯನ್ನು ಬೀದರ್ ಜಿಲ್ಲೆಯಲ್ಲಿ ಕೇಳಬಾರದು.

2018ರ ಬೇಸಿಗೆಯಿಂದ ದೇಶದ ಹಲವೆಡೆ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದವು. ಆ ಜುಲೈನಲ್ಲಿ ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದ ಗೆಳೆಯರ ಗುಂಪೊಂದು ಬೀದರ್ ಜಿಲ್ಲೆಯ ಹಳ್ಳಿಯೊಂದರ ಬಳಿ ನಿಂತಿತು. ಅವರಲ್ಲೊಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನ ಎದ್ದಿತು. ಅವರು ಅಲ್ಲಿಂದ ಹೊರಟರು. ಅವರಿಗಿಂತ ಮೊದಲೇ ಸುದ್ದಿ ವಾಟ್ಸ್‌ಆ್ಯಪ್ ಹತ್ತಿ ಮುರ್ಕಿ ಎಂಬ ಊರನ್ನು ತಲುಪಿತ್ತು. ಅಲ್ಲಿ ಜನ ಅವರನ್ನು ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು, ಜೊತೆಯವರು ಗಾಯಗೊಂಡರು.

ಚಾಕೊಲೇಟ್ ಕೊಡುವುದು ಅದೇ ಹಳ್ಳಿಯಲ್ಲಿ ಆರು ತಿಂಗಳ ಹಿಂದೆ ಪ್ರೀತಿಯ ಗುರುತಾಗಿರುತ್ತಿತ್ತು. ಕ್ರಿಯೆ ಬದಲಾಗಲಿಲ್ಲ, ಅದನ್ನು ಓದುವ ಕನ್ನಡಕ ಬದಲಾಗಿತ್ತು. ಆ ಕನ್ನಡಕವನ್ನು ತಯಾರಿಸಿದವರು ಫಾರ್ವರ್ಡ್ ಮಾಡಿದ ಸಾಮಾನ್ಯ ಜನ. ಪ್ರತಿಯೊಬ್ಬರೂ ‘ಎಚ್ಚರಿಕೆಗೆ ಇರಲಿ’ ಎಂದು ಒತ್ತಿದವರು. ಪರಿಚಿತರ ಹೆಸರಿನಡಿ ಬಂದ ಸಂದೇಶಕ್ಕೆ ಆ ಪರಿಚಿತರ ಮೇಲಿನ ನಂಬಿಕೆಯೂ ಅಂಟಿಕೊಳ್ಳುತ್ತದೆ. ಶಾಲಾ ಮಾಸ್ತರರು ಕಳುಹಿಸಿದರೆ ಅದು ಮಾಸ್ತರರ ಮಾತಾಗುತ್ತದೆ, ಅವರು ಓದಿಯೇ ಇರದಿದ್ದರೂ.

ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈಬದಲಾದ ಸಂದೇಶಗಳಿಗೆ ಒಂದೇ ಚಾಟ್ ಎಂಬ ಮಿತಿ ಬಂತು. ಎರಡು ಬಾಣದ ಗುರುತಿನೊಂದಿಗೆ ಬಂದ ಎಚ್ಚರಿಕೆಯ ಸಂದೇಶದಲ್ಲಿ ಊರು, ದಿನಾಂಕ, ಹೇಳಿದವರು ಯಾರು ಎಂಬ ಮೂರೂ ಇಲ್ಲದಿದ್ದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ. ಅನುಮಾನ ನಿಜವೆನಿಸಿದರೆ 112ಕ್ಕೆ ಕರೆ ಮಾಡಿ, ಗುಂಪಿಗೆ ಹಾಕಬೇಡಿ.

ಹೇಳಿದ್ದು ಅರ್ಥವಾಗಿದೆಯೇ ಎಂದು ತಿಳಿಯುವುದು ಹೇಗೆ?

‘ತಿಳಿಯಿತಾ?’ ಎಂದು ಕೇಳಬೇಡಿ. ನೂರಕ್ಕೆ ನೂರು ಜನ ಹೂಂ ಎನ್ನುತ್ತಾರೆ. ಇಲ್ಲ ಎಂದರೆ ತಾವು ದಡ್ಡರೆಂದೂ ನೀವು ಸರಿಯಾಗಿ ಹೇಳಲಿಲ್ಲವೆಂದೂ ಒಟ್ಟಿಗೇ ಆಗುತ್ತದೆ. ಅದರ ಬದಲು ‘ಯವ್ವಾ, ಮನೆಗೆ ಹೋಗಿ ಸೊಸೆಗೆ ಈ ಮಾತ್ರೆಯ ವಿಷಯ ಏನು ಹೇಳುತ್ತೀ?’ ಎಂದು ಕೇಳಿ. ಅವರ ಬಾಯಿಂದಲೇ ಹೇಳಿಸುವ ಈ ರೂಢಿಯನ್ನು ಆರೋಗ್ಯ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಕಲಿಸುತ್ತಾರೆ. ಮೇಲೆ ಹೇಳಿದ ಎರಡು ಮಾತ್ರೆಯ ಕಥೆ ಅಲ್ಲಿಯೇ ಬಯಲಾಗುತ್ತದೆ.

ಎದುರಿನವರು ‘ಆಂ?’ ಎಂದರೆ ಸಿಟ್ಟಾಗಬೇಡಿ. ಹನ್ನೆರಡು ಭಾಷೆಗಳ ಸಹಜ ಸಂಭಾಷಣೆಯನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜನ ಸರಾಸರಿ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ‘ಏನು?’, ‘ಯಾರು?’, ‘ನಾಳೆಯೋ?’ ಎಂದು ನಿಲ್ಲಿಸಿ ಕೇಳುತ್ತಾರೆ. ಮಾತು ಕೆಡುವುದು ಮಾಮೂಲು. ಆಗಾಗ ರಿಪೇರಿ ಮಾಡಿಕೊಳ್ಳುತ್ತೇವೆ ಎಂಬುದರಿಂದಲೇ ಅದು ನಡೆಯುತ್ತದೆ. ತರಗತಿಯಲ್ಲಿ ‘ಆಂ?’ ಎನ್ನುವ ಹುಡುಗನನ್ನು ಗದರಿಸುವ ಶಿಕ್ಷಕರಿಗೆ ಆಮೇಲೆ ಯಾರೂ ಏನನ್ನೂ ಕೇಳುವುದಿಲ್ಲ.

ಕಚೇರಿಗೆ ಅರ್ಜಿ ಬರೆದರೆ ಯಾರೂ ಓದುವುದಿಲ್ಲ. ಹೇಗೆ ಬರೆಯಬೇಕು?

ನಮ್ಮ ಅರ್ಜಿಗಳು ಸಾಮಾನ್ಯವಾಗಿ ಹೀಗಿರುತ್ತವೆ: ಮೊದಲ ಪುಟ ವಿನಯ, ಎರಡನೆಯ ಪುಟ ಮನೆತನದ ಇತಿಹಾಸ, ಕೊನೆಯ ಸಾಲಿನಲ್ಲಿ ವಿಷಯ. ದಿನಕ್ಕೆ ಇಂಥ ಎಷ್ಟೋ ಕಾಗದ ನೋಡುವ ತಹಶೀಲ್ದಾರರು ಮೊದಲ ನಾಲ್ಕು ಸಾಲು ಓದುತ್ತಾರೆ ಎಂದುಕೊಂಡು ಬರೆಯಿರಿ. ವಿಷಯ ಎಂಬ ಸಾಲಿನಲ್ಲೇ ಊರು, ಸರ್ವೆ ನಂಬರ್, ಆಗಬೇಕಾದ ಕೆಲಸ ಮೂರೂ ಬರಲಿ: ‘ಇಂಥ ಊರಿನ, ಇಂಥ ಸರ್ವೆ ನಂಬರಿನ ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿರುವುದನ್ನು ತಿದ್ದುವ ಬಗ್ಗೆ’. ಈ ಹಿಂದೆ ಕೊಟ್ಟ ಅರ್ಜಿಯ ದಿನಾಂಕ ಎರಡನೆಯ ಸಾಲು. ಲಗತ್ತಿಸಿದ ದಾಖಲೆಗಳ ಪಟ್ಟಿ ಮೂರನೆಯದು. ವಿನಯಕ್ಕೆ ಕೊನೆಯಲ್ಲಿ ಜಾಗವಿದೆ.

ಸೇವೆ ಸಕಾಲ ವ್ಯಾಪ್ತಿಗೆ ಬರುವುದಾದರೆ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ‘ನಾಳೆ ಬನ್ನಿ’ ಎಂಬ ಮಾತಿಗೆ ನಿಜವಾದ ಅರ್ಥವೇನೆಂದು ಸರ್ಕಾರಕ್ಕೂ ಗೊತ್ತಿತ್ತು. ಯೋಜನೆಯ ಘೋಷವಾಕ್ಯವೇ ‘ಇಂದು, ನಾಳೆ ಇನ್ನಿಲ್ಲ’ ಎಂದು ಶುರುವಾಗುತ್ತದೆ. ಆ ಸಂಖ್ಯೆ ಕೈಯಲ್ಲಿದ್ದರೆ ಕಾಯಬೇಕಾದ ದಿನಗಳ ಲೆಕ್ಕ ಕಾಗದದ ಮೇಲೆಯೇ ಇರುತ್ತದೆ, ಗುಮಾಸ್ತರ ಮುಖಭಾವ ಓದುವ ಕಷ್ಟ ನಿಮಗಿಲ್ಲ.